ಅರ್ಥ ಹೇಳುವವನ ಋಣ

ಹಾಸನವೆಂಬ ಊರಿಗೆ ಆ ಹೆಸರು ಬಂದ ಬಗೆಯನ್ನು ಕುರಿತು ಎರಡು ಮಾತುಗಳು ಬಹುಕಾಲದಿಂದ ನಡೆದುಬಂದಿವೆ. ಹಾಸನಾಂಬೆಯು ನೆಲಸಿದ ಊರಾದುದರಿಂದ ಹಾಸನವಾಯಿತೆಂದು ಕೆಲವರು ಹೇಳುವರು. ಸಿಂಹಾಸನಪುರವೆಂಬುದೇ ಸವೆದು ಹಾಸನವಾಯಿತೆಂದು ಮತ್ತೆ ಕೆಲವರು ಹೇಳುವರು. ಇವೆರಡರಲ್ಲಿ ಯಾವುದನ್ನು ಒಪ್ಪಿದರೂ ಯಾರ ಮನೆಯ ಒಲೆಯೂ ಆರುವುದಿಲ್ಲ. ಆದರೆ ಅರ್ಥವಿಚಾರವೆಲ್ಲವೂ ಇಷ್ಟು ನಿರಪಾಯವಾದುದಲ್ಲ. ಒಂದು ಶಾಸ್ತ್ರವಾಕ್ಯಕ್ಕೆ, ಒಂದು ಉಯಿಲಿಗೆ, ಒಂದು ದಾನಶಾಸನಕ್ಕೆ ಹೇಳಿದ ಅರ್ಥದಿಂದ ಒಬ್ಬನ ಹೊಲವು ಮತ್ತೊಬ್ಬನ ಪಾಲಾಗುವುದುಂಟು. ಒಬ್ಬನಿಗೆ ದೇವಾಲಯದ ಬಾಗಿಲು ಮುಚ್ಚುವುದುಂಟು. ಒಬ್ಬನ ಜೀವಮಾನದ ಸಾಧನೆಯು ಒಂದು ದಾರಿಯನ್ನು ಬಿಟ್ಟು ಮತ್ತೊಂದಕ್ಕೆ ಹೊರಳುವುದುಂಟು. ಮಾತನ್ನಾಡಿದವನು ಎದುರಿಗಿದ್ದರೆ ಅವನ ಅಭಿಪ್ರಾಯವೇನೆಂದು ಅವನನ್ನೇ ಕೇಳಬಹುದು. ಅವನು ಗತಿಸಿ ನೂರಾರು ವರ್ಷಗಳಾದ ಮೇಲೆ ಅವನ ಪರವಾಗಿ ಉತ್ತರ ಹೇಳತಕ್ಕವರು ಯಾರು? ಹಾಗೆ ಹೇಳುವವರಿಗೆ ಯಾವ ಕಟ್ಟುಪಾಡು ಉಂಟು? ಇದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಈ ಪ್ರಶ್ನೆಗಾಗಿಯೇ ವಿಶ್ವವಿದ್ಯಾನಿಲಯಗಳಲ್ಲಿ ಈಗ ವಿದ್ವತ್ಸಮ್ಮೇಳನಗಳು ನಡೆಯುತ್ತಿವೆ. ಯೂರೋಪಿನವರು ಈ ವಿದ್ಯೆಗೆ ಹರ್ಮೆನ್ಯೂಟಿಕ್ಸ್ ಎಂದು ಹೆಸರಿಟ್ಟಿರುವರು. ಕನ್ನಡದಲ್ಲಿ ಅರ್ಥಮೀಮಾಂಸೆ ಎನ್ನಬಹುದು. ಜರ್ಮನಿಯ ಷ್ಲೈಯರ್‌ಮಾಖರ್ (1768–1834) ಎಂಬ ಪಂಡಿತರು ಇದನ್ನು ಬೈಬಲಿಗೆ ಮಾತ್ರ ಮೀಸಲಾಗಿರಗೊಡದೆ, ಎಲ್ಲ ಬಗೆಯ ಮಾತಿಗೂ ಬರಹಕ್ಕೂ ಸಲ್ಲುವ ಶಾಸ್ತ್ರವನ್ನಾಗಿ ಮಾಡಲೆಳಸಿದರು. ಅದೇ ದೇಶದ ಗಾಡಮರ್ (1900–2002) ಎಂಬವರು 1960ರಲ್ಲಿ ‘ಸತ್ಯ ಮತ್ತು ಪದ್ಧತಿ’ ಎಂಬರ್ಥದ ಹೆಸರುಳ್ಳ ಉದ್ಗ್ರಂಥವನ್ನು ಪ್ರಕಟಿಸಿ, ಓದುವವನು ತನ್ನ ಪೂರ್ವಗ್ರಹಗಳನ್ನು ಪೂರ್ತಿಯಾಗಿ ಕಳಚಿಟ್ಟು ಓದಲಾರನೆಂಬುದನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. ಭರತಖಂಡದಲ್ಲಿ ಈ ವಿದ್ಯೆಯು ಹೊಸದೇನೂ ಅಲ್ಲ. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳುಳ್ಳ ಅಧಿಕರಣವೆಂಬ ಏರ್ಪಾಡು ಮೀಮಾಂಸಕರದು. ಉಪಕ್ರಮೋಪಸಂಹಾರಗಳ ಏಕರೂಪತೆ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳಿಂದ ಗ್ರಂಥದ ತಾತ್ಪರ್ಯವನ್ನು ಗೊತ್ತುಮಾಡುವ ಕ್ರಮವನ್ನು ಪಾಠಶಾಲೆಯ ಬಾಲಕರೂ ಬಲ್ಲರು. ವಾಕ್ಯಾರ್ಥಸಭೆಯೆಂಬುದು ಈ ಸಮ್ಮೇಳನಗಳ ಹಿರಿಯ ಅಕ್ಕನೆಂದರೆ ತಪ್ಪಾಗಲಾರದು.

ಆದರೆ ನಿಯಮಗಳು ಇದ್ದ ಮಾತ್ರಕ್ಕೆ ಅರ್ಥವು ನಿಶ್ಚಯವಾಗುವುದೆ? ಆ ಆರು ಲಿಂಗಗಳನ್ನೇ ಹಿಡಿದು ಅದ್ವೈತಿಗಳು ಒಂದು ಸಿದ್ಧಾಂತವನ್ನೂ ವಿಶಿಷ್ಟಾದ್ವೈತಿಗಳು ಒಂದನ್ನೂ ದ್ವೈತಿಗಳು ಒಂದನ್ನೂ ಅದೇ ಉಪನಿಷತ್ತುಗಳಿಂದ ಎತ್ತಿ ತೋರಿಸಿರುವರು. ಆದಕಾರಣ ಅರ್ಥವಿಚಾರದಲ್ಲಿ ನಿಯಮದ ಜತೆಗೆ ಮತ್ತೊಂದು ವಸ್ತುವೂ ಬೇಕು. ಅದು ಅರ್ಥ ಹೇಳುವವನ ನಡತೆ. ಬುದ್ಧಿಗಿಂತ ಹೆಚ್ಚಾಗಿ ಧರ್ಮಕ್ಕೆ ಸೇರಿದುದು. ಹಾಸನದ ಸೀಮೆಯೊಳಗೆ ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ ಎಂಬ ಮೂರು ತಾಲ್ಲೂಕುಗಳಿಗೆ ಸಂಬಂಧಿಸಿದ ಮೂರು ನಿದರ್ಶನಗಳನ್ನು ತೆಗೆದುಕೊಂಡರೆ ಈ ಧರ್ಮವು ಎಂತಹುದೆಂಬುದು ವಿಶದವಾಗುವುದು.

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲೆ ರುದ್ರಪಟ್ಟಣವೆಂಬ ಗ್ರಾಮವುಂಟು. ಸಂಗೀತಕ್ಕೂ ವೈದಿಕ ವಿದ್ಯೆಗೂ ಹೆಸರಾದ ಆ ಊರಿನವರು ಮಹಾಮಹೋಪಾಧ್ಯಾಯ ಶಾಮಶಾಸ್ತ್ರಿಗಳು. ಅವರು ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ಕೆಲಸದಲ್ಲಿದ್ದಾಗ, ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವು ದೊರೆಯಿತು. 1905ನೆಯ ಇಸವಿಯಲ್ಲಿ ಅದರ ಭಾಗಗಳು ಲೋಕಕ್ಕೆ ತಿಳಿದುವು. 1909ರಲ್ಲಿ ಮೂಲವು ಅಚ್ಚಾಯಿತು. 1915ರಲ್ಲಿ ಇಂಗ್ಲಿಷ್ ಅನುವಾದವು ಪುಸ್ತಕರೂಪದಿಂದ ಹೊರಬಿದ್ದಿತು. ದಂಡಿ, ಬಾಣ ಮುಂತಾದವರ ಉಲ್ಲೇಖಗಳಿಂದ ಮಾತ್ರ ಹೆಸರು ಕೇಳಿದ್ದ ಗ್ರಂಥವಿದು. ಅದನ್ನು ಪಾಠ ಹೇಳುವ ಗುರುಪರಂಪರೆಯು ಎಲ್ಲಿಯೂ ಉಳಿದಿರಲಿಲ್ಲ. ಭಟ್ಟಸ್ವಾಮಿಯ ವ್ಯಾಖ್ಯಾನದ ತುಣುಕೊಂದನ್ನು ಬಿಟ್ಟರೆ ಕೈಹಿಡಿದು ನಡೆಸುವವರಿರಲಿಲ್ಲ. ಹದಿನೈದು ಅಧಿಕರಣಗಳ, ನೂರೈವತ್ತು ಅಧ್ಯಾಯಗಳ ಗ್ರಂಥದಲ್ಲಿ ಗಣಿ, ಆನೆ, ಸುಂಕ, ತೂಕ, ಗೂಢಚಾರರು ಎಂದು ಎಷ್ಟೋ ವೃತ್ತಿಗಳ ಪರಿಭಾಷೆಯು ತುಂಬಿರುವುದು; ಒಂದೊಂದು ಶಬ್ದವೂ ಬೀಗವಿಟ್ಟ ಪೆಟ್ಟಿಗೆ.

ಇಂತಹ ಸ್ಥಿತಿಯಲ್ಲಿ ಅರ್ಥ ಹೇಳುವವನು ತನ್ನ ಊಹೆಯನ್ನೇ ಗ್ರಂಥವೆಂದು ನಂಬಿಸುವುದು ಬಲು ಸುಲಭ, ಕೇಳುವವರಿಲ್ಲ. ಶಾಮಶಾಸ್ತ್ರಿಗಳು ಹಾಗೆ ಮಾಡಲಿಲ್ಲ. ಸಂಪೂರ್ಣವಾದ ಅನುವಾದವು ಹೊರಡುವುದಕ್ಕೆ ಆರು ವರ್ಷ ಮೊದಲೇ ಮೂಲವನ್ನು ಅಚ್ಚುಹಾಕಿಸಿ ಎಲ್ಲರ ಕೈಗೂ ಕೊಟ್ಟರು. ತಮ್ಮನ್ನು ತಿದ್ದಲು ಬೇಕಾದ ಸಾಧನವನ್ನು ತಾವೇ ಲೋಕಕ್ಕೆ ಒದಗಿಸಿದಂತಾಯಿತು. ಲೋಕವು ತಿದ್ದಿಯೂ ತಿದ್ದಿತು. ಗಣಪತಿ ಶಾಸ್ತ್ರಿಗಳು ಬೇರೆ ಪ್ರತಿಗಳನ್ನು ನೋಡಿ 1924–25ರಲ್ಲಿ ತಿರುವನಂತಪುರದಿಂದ ವ್ಯಾಖ್ಯಾನಸಹಿತವಾದ ಮುದ್ರಣವನ್ನು ಹೊರತಂದರು. ಕಂಗಲೆ ಅವರ ಪರಿಷ್ಕೃತ ಪಾಠವು 1960ರಲ್ಲಿ ಮುಂಬಯಿಯಲ್ಲಿ ಪ್ರಕಟವಾಯಿತು. ಹಲವು ಸ್ಥಳಗಳಲ್ಲಿ ಮೊದಲಿನ ಅರ್ಥವು ಬದಲಾಯಿತು. ಅದರಿಂದ ಶಾಮಶಾಸ್ತ್ರಿಗಳ ಕೀರ್ತಿಗೆ ಕುಂದು ಬಂದಿತೆ? ಇಲ್ಲ. ತಾನು ಹೇಳಿದ ಅರ್ಥದ ಪಕ್ಕದಲ್ಲಿ ಮೂಲವನ್ನು ತೆರೆದಿಡುವುದೇ ಅರ್ಥ ಹೇಳುವವನು ತೀರಿಸಬೇಕಾದ ಮೊದಲನೆಯ ಋಣ. ಇದು ಮಾತನ್ನಾಡಿದವನಿಗೆ ಸಲ್ಲತಕ್ಕದ್ದು.

ಎರಡನೆಯ ನಿದರ್ಶನವು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿರುವುದು. ಅಲ್ಲಿಯ ಬಂಡೆಗಳ ಮೇಲಿನ ಬರಹವನ್ನು ಓದುವ ಕೆಲಸವು ಶತಮಾನಕ್ಕೂ ಮೀರಿ ನಡೆದುಬಂದಿದೆ. ರೈಸ್ ಅವರು 1889ರಲ್ಲಿ 144 ಶಾಸನಗಳನ್ನು ಪ್ರಕಟಿಸಿದರು; ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ ಅವು 500 ಆದುವು; 1973ರ ಮುದ್ರಣದಲ್ಲಿ 573 ಆದುವು. ಅವುಗಳಲ್ಲಿ ಬಹು ಪ್ರಾಚೀನವಾದುದು ಚಂದ್ರಗಿರಿಯ ಮೇಲೆ, ಸುಮಾರು ಕ್ರಿ.ಶ. 600ರ ಕಾಲದ್ದು. ಅದರಲ್ಲಿ ಮೊದಲು ಜೈನಾಚಾರ್ಯರ ಪರಂಪರೆಯನ್ನು ಹೇಳುವಾಗ ಭದ್ರಬಾಹುವಿನ ಹೆಸರು ಬರುವುದು; ಅವನ ಅನಂತರ ಇನ್ನೂ ಹಲವರ ಹೆಸರುಗಳು ಬರುವುವು; ಆಮೇಲೆ ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂದಾಗಿ ತಿಳಿಸಿದ ಭದ್ರಬಾಹುಸ್ವಾಮಿಯ ಪ್ರಸ್ತಾವವೂ, ಸಂಘವು ದಕ್ಷಿಣಕ್ಕೆ ಬಂದ ಸಂಗತಿಯೂ, ಪ್ರಭಾಚಂದ್ರನೆಂಬ ಹೆಸರೂ ಬರುವುವು. ಈ ಇಬ್ಬರು ಭದ್ರಬಾಹುಗಳು ಒಬ್ಬನೆ, ಇಬ್ಬರೆ? ಒಬ್ಬನೇ ಎಂದರು ರೈಸ್. ಪ್ರಭಾಚಂದ್ರನೆಂದರೆ ದೀಕ್ಷೆಯನ್ನು ಪಡೆದ ಚಂದ್ರಗುಪ್ತ ಮೌರ್ಯನೇ ಎಂಬ ಸಂಪ್ರದಾಯವನ್ನೂ ಅವರು ಒಪ್ಪಿದರು. ಹಾಗಲ್ಲ, ನಡುವೆ ಅಷ್ಟು ಹೆಸರುಗಳು ಬಂದಿರುವುದರಿಂದ ಎರಡನೆಯವನು ಬಹಳ ಈಚಿನವನು ಎಂದರು ಫ್ಲೀಟ್.

ಇಲ್ಲಿ ವಾಚಕರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ವಾದದಲ್ಲಿ ಶಿಲೆಯ ಅಕ್ಷರಗಳಿಗಿಂತ ಹೆಚ್ಚಾಗಿ ವಿವಾದಕ್ಕೆ ಗುರಿಯಾದುದು ಅಕ್ಷರಗಳ ನಡುವಣ ತೆರಪು. ಅದನ್ನು ಒಬ್ಬರು ಪುರಾಣದ ನೆನಪಿನಿಂದಲೂ ಮತ್ತೊಬ್ಬರು ಕಾಲಗಣನೆಯ ಲೆಕ್ಕದಿಂದಲೂ ತುಂಬಿದರು. ತುಂಬದೆ ಓದುವುದು ಸಾಧ್ಯವಿಲ್ಲವೆಂಬುದು ನಿಜ. ಆದರೆ ತುಂಬಿದುದನ್ನು ತುಂಬಿದುದೆಂದು ಹೇಳದಿರುವುದು ಅಪರಾಧ. ‘ಶಾಸನವು ಹೀಗೆನ್ನುತ್ತದೆ’ ಎಂಬ ಮಾತೂ ‘ಶಾಸನದಿಂದ ಹೀಗೆ ತೋರುತ್ತದೆ’ ಎಂಬ ಮಾತೂ ಒಂದೇ ಅಲ್ಲ. ಚಿನಿವಾರನು ಚಿನ್ನಕ್ಕೆ ತಾಮ್ರವನ್ನು ಬೆರಸುವುದು ತಪ್ಪಲ್ಲ. ಎಷ್ಟು ಬೆರಸಿದೆನೆಂಬುದನ್ನು ಮುಚ್ಚುವುದು ತಪ್ಪು. ಮೂಲ ಎಷ್ಟು, ತನ್ನದೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ತೋರಿಸುವುದು ಎರಡನೆಯ ಋಣ. ಇದು ಕೇಳುವವನಿಗೆ ಸಲ್ಲತಕ್ಕದ್ದು.

ಮೂರನೆಯದು ಎಲ್ಲಕ್ಕಿಂತ ಕಠಿನವಾದುದು. ಮೊದಲನೆಯ ನಿದರ್ಶನದಲ್ಲಿ ವ್ಯಾಖ್ಯಾನಪರಂಪರೆಯೇ ಇರಲಿಲ್ಲ. ಇಲ್ಲಿ ಅದು ಸಮೃದ್ಧವಾಗಿ ಹರಿದುಬಂದಿರುವುದು. ಹೇಮಾವತಿಯ ತೀರದ ಹೊಳೆನರಸೀಪುರದಲ್ಲಿ ಅಧ್ಯಾತ್ಮಪ್ರಕಾಶ ಕಾರ್ಯಾಲಯವುಂಟು. ಯಲ್ಲಂಬಳಸೆ ಸುಬ್ರಹ್ಮಣ್ಯ ಶರ್ಮರು 1920ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಈ ಸಂಸ್ಥೆಯು 1937ರಲ್ಲಿ ಹೊಳೆನರಸೀಪುರಕ್ಕೆ ಬಂದಿತು. ಉಪಾಧ್ಯಾಯ ವೃತ್ತಿಯಲ್ಲಿದ್ದ ಶರ್ಮರು 1948ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳೆಂಬ ಹೆಸರಿನಿಂದ 1975ರವರೆಗೂ ಅಲ್ಲಿಯೇ ಗ್ರಂಥರಚನೆಯಲ್ಲಿ ನಿರತರಾಗಿದ್ದರು. 1929ರಲ್ಲಿ ಅವರು ಪ್ರಕಟಿಸಿದ ‘ಮೂಲಾವಿದ್ಯಾನಿರಾಸ’ವೆಂಬ ಸಂಸ್ಕೃತ ಗ್ರಂಥವು ಪಂಡಿತಮಂಡಲಿಯಲ್ಲಿ ದೊಡ್ಡ ಅಲೆಯನ್ನೆಬ್ಬಿಸಿತು.

ವಿವಾದದ ಬೀಜವು ಒಂದೇ ಒಂದು ಸಮಸ್ತಪದದಲ್ಲಿ ಅಡಗಿರುವುದು. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಆರಂಭದ ಅಧ್ಯಾಸಭಾಷ್ಯದಲ್ಲಿ, ‘ನಾನು’, ‘ನನ್ನದು’ ಎಂಬ ಲೋಕವ್ಯವಹಾರಕ್ಕೆ ಮಿಥ್ಯಾಜ್ಞಾನವು ನಿಮಿತ್ತವೆಂದು ಹೇಳುವರು. ಈ ಪದವನ್ನು ಮಿಥ್ಯಾ ಎಂದೂ ಜ್ಞಾನವೆಂದೂ ಬಿಡಿಸಿದರೆ ತಪ್ಪುತಿಳಿವಳಿಕೆಯೆಂದಾಗುವುದು. ಮಿಥ್ಯಾ ಎಂದೂ ಅಜ್ಞಾನವೆಂದೂ ಬಿಡಿಸಿದರೆ, ಸವರ್ಣದೀರ್ಘಸಂಧಿಯಿಂದ ಅದೇ ರೂಪವೇ ಬಂದು, ಮಿಥ್ಯೆಯಾದ ಅಜ್ಞಾನವೆಂಬ ಒಂದು ವಸ್ತುವಾಗುವುದು. ಎರಡನೆಯ ರೀತಿಯಿಂದ ಬಿಡಿಸಿದುದು ಪಂಚಪಾದಿಕೆ. ಅದಕ್ಕೆ ಪ್ರಕಾಶಾತ್ಮರು ಬರೆದ ವಿವರಣದಿಂದ ಬೆಳೆದ ಪ್ರಸ್ಥಾನದಲ್ಲಿ, ಅಧ್ಯಾಸಕ್ಕೆ ಉಪಾದಾನಕಾರಣವಾದ ಭಾವರೂಪದ ಮೂಲಾವಿದ್ಯೆಯೊಂದು ಸಿದ್ಧಾಂತವಾಗಿ ನಿಂತಿತು. ಸುಬ್ರಹ್ಮಣ್ಯ ಶರ್ಮರಾದರೋ, ಅಧ್ಯಾಸವನ್ನೇ ಪಂಡಿತರು ಅವಿದ್ಯೆಯೆನ್ನುವರೆಂದು ಭಾಷ್ಯಕಾರರು ತಾವೇ ಸ್ಪಷ್ಟವಾಗಿ ಹೇಳಿರುವಾಗ ಅದರ ಹಿಂದೆ ಮತ್ತೊಂದು ಅವಿದ್ಯೆಯನ್ನು ಕಲ್ಪಿಸುವುದು ಭಾಷ್ಯಕ್ಕೂ ಅನುಭವಕ್ಕೂ ವಿರುದ್ಧವೆಂದು ಸಾಧಿಸಿದರು.

ವಿವರಣಪಕ್ಷದವರ ವಾದವು ದುರ್ಬಲವಾದುದೆಂದು ಯಾರೂ ಭಾವಿಸಕೂಡದು. ಕಾರ್ಯವಾದುದಕ್ಕೆಲ್ಲ ಉಪಾದಾನವೊಂದು ಬೇಕು; ಹಗ್ಗದಲ್ಲಿ ಹಾವು ತೋರುವುದಕ್ಕೆ ಹಗ್ಗದ ಅಜ್ಞಾನವು ಕಾರಣವಾದಂತೆ ಜಗತ್ತಿನ ತೋರಿಕೆಗೂ ಕಾರಣವಿರಬೇಕು; ಬರಿಯ ಅಭಾವವು ಯಾವುದಕ್ಕೂ ಕಾರಣವಾಗಲಾರದು. ಮೇಲಾಗಿ ಗಾಢನಿದ್ರೆಯಿಂದ ಎದ್ದವನು ತನಗೇನೂ ತಿಳಿಯಲಿಲ್ಲವೆನ್ನುವನಷ್ಟೆ. ಆಗ ಅಜ್ಞಾನವೇ ಇರಲಿಲ್ಲವಾದರೆ ನಿದ್ರಿಸಿದವರೆಲ್ಲರೂ ಮುಕ್ತರಾಗಬೇಕಾಗಿತ್ತು. ಮರಳಿ ಸಂಸಾರಕ್ಕೆ ಎಚ್ಚರಗೊಳ್ಳುವುದೇತಕ್ಕೆ? ಹೀಗೆಂಬುದು ಅವರ ಆಕ್ಷೇಪ. ಕಾರಣವೇನೆಂಬ ಪ್ರಶ್ನೆಯೇ ಅಧ್ಯಾಸದೊಳಗೆ ಹುಟ್ಟಿದುದಾಗಿರುವಾಗ ಅಧ್ಯಾಸಕ್ಕೆ ಹೊರಗಿನಿಂದ ಕಾರಣವನ್ನು ಹುಡುಕುವುದು ಹೇಗೆ, ನಿದ್ರೆಯಲ್ಲಿ ತಿಳಿಯತಕ್ಕ ಎರಡನೆಯ ವಸ್ತುವೇ ಇಲ್ಲದಿದ್ದುದನ್ನು ಅಜ್ಞಾನದ ಅನುಭವವೆಂದು ಎಣಿಸುವುದು ಹೇಗೆ, ನಿದ್ರೆಯ ಹಿಂದುಮುಂದುಗಳೆಂಬ ಲೆಕ್ಕವೂ ಎಚ್ಚರದ ದೃಷ್ಟಿಯದಲ್ಲವೆ ಎಂಬುದು ಶರ್ಮರ ಸಮಾಧಾನ. ಎದ್ದವನು ಆಡುವ ಆ ಒಂದು ಮಾತಿಗೂ ಅರ್ಥವಿಚಾರವು ಬೇಕಾಯಿತೆಂಬುದನ್ನು ನೋಡಿದರೆ, ಈ ವಿದ್ಯೆಯು ತಾಳೆಯೋಲೆಗಳಿಗೆ ಮಾತ್ರ ಸೇರಿದುದಲ್ಲವೆಂಬುದು ತಿಳಿಯುವುದು.

ಇಲ್ಲಿ ಸಿದ್ಧಾಂತ ಯಾವುದೆಂಬುದಕ್ಕಿಂತ ಈ ಲೇಖನಕ್ಕೆ ಮುಖ್ಯವಾದ ಪ್ರಶ್ನೆಯೊಂದುಂಟು. ಓದಲು ಕಲಿಸಿದ ವ್ಯಾಖ್ಯಾನಪರಂಪರೆಯನ್ನೇ ತಪ್ಪೆನ್ನುವುದು ಕೃತಘ್ನತೆಯಲ್ಲವೆ? ಸಂಪ್ರದಾಯವನ್ನರಿಯದವನು ಸರ್ವಶಾಸ್ತ್ರಗಳನ್ನು ಬಲ್ಲವನಾದರೂ ಮೂರ್ಖನಂತೆ ಉಪೇಕ್ಷೆಗೆ ಯೋಗ್ಯನೆಂದು ಶಂಕರಾಚಾರ್ಯರೇ ಗೀತಾಭಾಷ್ಯದಲ್ಲಿ ಹೇಳಿರುವರು. ಗಾಡಮರ್ ಅವರನ್ನು ಕೇಳಿದರೆ ಅವರು ಮತ್ತೊಂದು ಸಂಶಯವನ್ನು ಎತ್ತಬಹುದು: ನಡುವಣ ಸಾವಿರ ವರ್ಷಗಳನ್ನು ನೆಗೆದು ಮೂಲದ ಶಂಕರರ ಬಳಿಗೇ ಹೋಗಿ ನಿಲ್ಲುವೆನೆಂಬುವನು ತನ್ನ ಕಾಲದ ಕನ್ನಡಕವನ್ನು ಎಲ್ಲಿ ಕಳಚಿಟ್ಟು ಹೋದನು?

ಈ ಎರಡು ಆಕ್ಷೇಪಗಳಿಗೂ ಶರ್ಮರ ಕೆಲಸದಲ್ಲಿಯೇ ಉತ್ತರವಿರುವುದು. ಅವರು ಪರಂಪರೆಯನ್ನು ಬಿಟ್ಟು ಹೊರಗೆ ನಿಂತು ಮಾತನಾಡಲಿಲ್ಲ. ಅಧ್ಯಾರೋಪ–ಅಪವಾದವೆಂಬ ಪ್ರಕ್ರಿಯೆಯನ್ನು ಅವರು ಮುಖ್ಯವಾದ ಕೀಲಿಕೈಯೆಂದು ಹಿಡಿದರು; ಅದು ಸಂಪ್ರದಾಯವನ್ನು ಬಲ್ಲವರ ಮಾತೆಂದು ಗೀತಾಭಾಷ್ಯದಲ್ಲಿಯೇ ಉಕ್ತವಾಗಿರುವುದು. ಹಿಂದಕ್ಕೆ ಗೌಡಪಾದರನ್ನೂ ಮುಂದಕ್ಕೆ ಸುರೇಶ್ವರರನ್ನೂ ಸಾಕ್ಷಿಗೆ ಕರೆದರು. ಎಂದರೆ, ಈಚಿನ ಸಂಪ್ರದಾಯವನ್ನು ಹಳೆಯ ಸಂಪ್ರದಾಯದಿಂದ ಒರೆಹಚ್ಚಿದರು. ಕನ್ನಡಕವನ್ನು ತೆಗೆಯಲಾಗದಿದ್ದರೂ ಅದರ ಮೇಲಿನ ಧೂಳನ್ನು ಒರೆಸಬಹುದಲ್ಲವೆ? ಮತ್ತೊಂದು ವಿಶೇಷವೆಂದರೆ, 1964ರಲ್ಲಿ ಪ್ರಕಟವಾದ ಅವರ ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ ಎಂಬ ದೊಡ್ಡ ಗ್ರಂಥದಲ್ಲಿ ಮಂಡನ, ಪಂಚಪಾದಿಕೆ, ಭಾಮತಿ, ವಿವರಣ ಮುಂತಾದ ಒಂದೊಂದು ಮತವನ್ನೂ ಬೇರೆಬೇರೆಯಾಗಿ ನಿರೂಪಿಸಿಯೇ ವಿಮರ್ಶೆಗೆ ತೊಡಗಿರುವರು. ಹಿಂದಿನವರಿಗೆ ಸಲ್ಲಬೇಕಾದ ಗೌರವವು ಒಪ್ಪಿಗೆಯಲ್ಲ. ಅವರ ಪಕ್ಷವನ್ನು ಅವರೇ ತಮ್ಮದೆಂದು ರುಜು ಹಾಕುವಷ್ಟು ಪೂರ್ಣವಾಗಿ ಹೇಳುವುದು. ಪೂರ್ವಪಕ್ಷವನ್ನು ಸಿದ್ಧಾಂತದ ಮುಂದೆ ಇಟ್ಟ ಪ್ರಾಚೀನರ ಇಂಗಿತವೂ ಇದೇ. ಎದುರಾಳಿಯನ್ನು ಮೊದಲು ಕುಂಟನನ್ನಾಗಿ ಮಾಡಿ ಆಮೇಲೆ ಓಟದಲ್ಲಿ ಗೆದ್ದೆನೆಂದು ಹಿಗ್ಗುವುದು ಪಾಂಡಿತ್ಯವಲ್ಲ. ಆದಕಾರಣ ಎದುರುಪಕ್ಷವನ್ನು ಅಂಗಹೀನವಾಗಿಸದೆ ಹೇಳುವುದು ಮೂರನೆಯ ಋಣ.

ಹಾಗಾದರೆ ಅರ್ಥ ಹೇಳುವವನ ಸಾಲವು ಇಲ್ಲಿಗೆ ತೀರಿತೆ? ಪ್ರಾಚೀನರ ವಾಕ್ಯಾರ್ಥಸಭೆಗಳು ಈ ಮೂರನ್ನೂ ಬಲ್ಲವಾಗಿದ್ದುವು. ಆದರೂ ಆ ಸಭೆಗಳ ಬಾಗಿಲ ಹೊರಗೆ ಬಹು ಮಂದಿ ನಿಂತಿದ್ದರು. ವೇದಾಧ್ಯಯನದ ಅಧಿಕಾರ ಯಾರಿಗುಂಟು, ಯಾರಿಗಿಲ್ಲವೆಂಬ ವಿಚಾರವು ಬ್ರಹ್ಮಸೂತ್ರದ ಅಪಶೂದ್ರಾಧಿಕರಣದಲ್ಲಿ ಬಂದಿರುವುದು. ಅಲ್ಲಿ ವಿಷಯವುಂಟು, ಸಂಶಯವುಂಟು, ಪೂರ್ವಪಕ್ಷವೂ ಉಂಟು. ಆದರೆ ಆ ವಾಕ್ಯಾರ್ಥವು ಯಾರ ತಲೆಯ ಮೇಲೆ ಬೀಳುವುದೋ ಅವರ ಕಂಠಸ್ವರ ಮಾತ್ರವಿಲ್ಲ. ಅವರ ಪರವಾದ ಪೂರ್ವಪಕ್ಷವನ್ನೂ ಇತರರೇ ಆಡಿದರು. ಜರ್ಮನಿಯ ಹೇಬರ್ಮಾಸ್ ಅವರು 1967ರಲ್ಲಿ ಗಾಡಮರ್ ಅವರಿಗೆದುರಾಗಿ ಎತ್ತಿದ ಆಕ್ಷೇಪವೂ ಇದರ ಹತ್ತಿರದ್ದೇ: ಪರಂಪರೆಯಲ್ಲಿ ತಿಳಿವಳಿಕೆಯು ಮಾತ್ರವೇ ಹರಿದುಬರುವುದಿಲ್ಲ, ಬಲವುಳ್ಳವರ ದರ್ಪವೂ ಅದೇ ಕಾಲುವೆಯಲ್ಲಿ ಹರಿದುಬರುವುದು. ಈ ಮಾತನ್ನು ಅಲ್ಲಗಳೆಯುವಂತಿಲ್ಲ. ನೂರು ಶ್ರುತಿವಾಕ್ಯಗಳು ಕೂಡಿ ಬೆಂಕಿಯು ತಣ್ಣಗಿದೆಯೆಂದರೂ ಪ್ರಮಾಣವಾಗಲಾರವು, ಹಾಗೆ ಹೇಳಿದರೂ ಶ್ರುತಿಗೆ ಬೇರೊಂದು ಅರ್ಥವನ್ನು ಕಲ್ಪಿಸಬೇಕು ಎಂಬ ಅಭಿಪ್ರಾಯವು ಶಂಕರಾಚಾರ್ಯರದೇ. ಹಾಗಿರುವಲ್ಲಿ ಸುಟ್ಟವನ ಕೈಯನ್ನು ನೋಡದೆ ಬೆಂಕಿಯ ವಿಚಾರವನ್ನು ಮುಗಿಸುವುದು ನ್ಯಾಯವೆ?

ಆದ್ದರಿಂದ ನಾಲ್ಕನೆಯ ಋಣವೊಂದುಂಟು. ಅದು ಅರ್ಥದ ಭಾರವನ್ನು ಹೊರುವವನಿಗೆ ಸಲ್ಲತಕ್ಕದ್ದು: ಅವನನ್ನು ಸಭೆಗೆ ಕರೆದು, ಅವನ ಮಾತನ್ನು ಕೇಳಿ, ಆಮೇಲೆ ಅರ್ಥವನ್ನು ಗೊತ್ತುಮಾಡಬೇಕು. ಇದಕ್ಕೆ ಹಳೆಯ ಸಾಕ್ಷಿಯು ಅದೇ ಶ್ರವಣಬೆಳಗೊಳದಲ್ಲಿರುವುದು. 1368ರಲ್ಲಿ ಜೈನರು ವೈಷ್ಣವರಿಂದ ತಮಗಾದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಅರಸನು ಜೈನದರ್ಶನ ಸತ್ಯವೋ ವೈಷ್ಣವದರ್ಶನ ಸತ್ಯವೋ ಎಂಬ ವಾದಕ್ಕೆ ಇಳಿಯಲಿಲ್ಲ. ವೈಷ್ಣವರ ಪ್ರಮುಖರನ್ನು ಸೇರಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಕಟ್ಟುಮಾಡಿ, ಅದನ್ನು ಶಾಸನವಾಗಿ ನಿಲ್ಲಿಸಲು ಏರ್ಪಡಿಸಿದನು. ಎರಡು ಮತಗಳೂ ತಮ್ಮ ತಮ್ಮ ಅರ್ಥಗಳನ್ನು ಬಿಡಲಿಲ್ಲ, ಇಂದಿಗೂ ಬಿಟ್ಟಿಲ್ಲ. ಆದರೆ ದೂರು ಹೇಳಿದವನು ಸಭೆಯೊಳಗೆ ನಿಂತಿದ್ದನು, ಅವನ ಕೈಯು ಮತ್ತೊಬ್ಬನ ಕೈಯಲ್ಲಿತ್ತು ಎಂಬುದು ಸಾಮಾನ್ಯವಾದ ಮಾತಲ್ಲ.

ಇಂತಹ ಬಾಗಿಲನ್ನು ತೆರೆಯುವುದರಲ್ಲಿ ಮುದ್ರಣವೂ ದೇಶಭಾಷೆಯೂ ದೊಡ್ಡ ಸಹಾಯವನ್ನು ಮಾಡಿರುವುವು. ಪ್ರಸ್ಥಾನತ್ರಯದ ಭಾಷ್ಯಗಳನ್ನು ಹೊಳೆನರಸೀಪುರದ ಯತಿಗಳು ಕನ್ನಡಕ್ಕೆ ತಂದರು. ಅದರಿಂದ ಅಡಿಗೆಯ ಮನೆಯ ಕೆಲಸವನ್ನು ಮುಗಿಸಿ ಬಂದ ಗೃಹಿಣಿಯೂ, ಸಂಸ್ಕೃತದ ಗಂಧವಿಲ್ಲದ ರೈತನ ಮಗನೂ ಶಂಕರರು ಏನೆಂದರೆಂಬುದನ್ನು ತಾವೇ ಓದಿ ನೋಡಬಹುದಾಯಿತು. ಹಾಗೆ ಎಲ್ಲರೂ ಓದತೊಡಗಿದರೆ ತಲೆಗೊಂದು ಅರ್ಥವಾಗಿ ಅನಾಯಕವಾಗುವುದೆಂದು ಕೆಲವರು ಅಂಜುವರು. ಹೊಸಬನಾದರೂ ಮೇಲೆ ಹೇಳಿದ ಋಣಗಳಿಗೆ ಅವನೂ ಬದ್ಧನೇ. ಹಳೆಯ ಪಂಡಿತನಿಗೆ ಅವುಗಳಿಂದ ವಿನಾಯಿತಿಯಿಲ್ಲದಿರುವಾಗ ಹೊಸಬನಿಗೂ ಇಲ್ಲ. ಸಭೆಯು ದೊಡ್ಡದಾದಷ್ಟೂ ನಿಯಮವು ಸಡಿಲವಾಗಬೇಕೆಂಬುದೇನೂ ಇಲ್ಲವಷ್ಟೆ.

ಗತಿಸಿದ ತಂದೆಯ ಒಂದು ಕಾಗದವನ್ನು ಮುಂದಿಟ್ಟುಕೊಂಡು ಅಣ್ಣತಮ್ಮಂದಿರು ಕುಳಿತಾಗಲೂ ಇದೇ ಮೀಮಾಂಸೆಯು ನಡೆಯುವುದು. ಕಾಗದವನ್ನು ಎಲ್ಲರಿಗೂ ತೋರಿಸಬೇಕು. ಬರೆದುದೆಷ್ಟು, ಊಹಿಸಿದುದೆಷ್ಟು ಎಂದು ವಿಂಗಡಿಸಬೇಕು. ತಮ್ಮನು ಹೇಳುವುದನ್ನು ಅಣ್ಣನು ತಮ್ಮನು ಒಪ್ಪುವಂತೆ ಒಮ್ಮೆ ಹೇಳಿ ತೋರಿಸಬೇಕು. ಆ ಕಾಗದದಿಂದ ನಷ್ಟವನ್ನು ಹೊಂದುವ ವಿಧವೆಯಾದ ತಂಗಿಯನ್ನು ಬಾಗಿಲ ಹಿಂದೆ ನಿಲ್ಲಿಸದೆ ಒಳಗೆ ಕರೆದು ಕೂರಿಸಬೇಕು. ಇಷ್ಟು ಮಾಡಿದ ಮೇಲೆಯೂ ಅರ್ಥದಲ್ಲಿ ಭೇದವು ಉಳಿದರೆ ಉಳಿಯಲಿ. ಆ ಭೇದದಿಂದ ತಂದೆಯ ಮಾತಿಗೆ ಅವಮಾನವಾಗದು, ಮನೆಯೂ ಮುರಿಯದು.